ಮರಗಟ್ಟಿದ ಮಚ್ಚೆ: ಕುಷ್ಠರೋಗವನ್ನು ಗುರುತಿಸಿ ಚಿಕಿತ್ಸೆ ಪಡೆಯಲು ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ದಿನಗಳಲ್ಲಿ, ಅಮ್ಮತ್ತಿ ಕಡೆಯ ತೋಟವೊಂದರ ಲೈನ್‌ಮನೆಗಳಿಗೆ ಆರೋಗ್ಯ ತಪಾಸಣೆಯ ತಂಡದೊಂದಿಗೆ ಹೋಗಿದ್ದೆ. ಒಬ್ಬ ಹೆಂಗಸು ಒಲೆಯ ಮೇಲಿದ್ದ ಗಂಜಿಯ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ನಿಧಾನವಾಗಿ ಕೆಳಗಿಳಿಸಿದರು. ಅವರ ಕಿರುಬೆರಳಿನ ಹೊರಬದಿಯಲ್ಲಿ ಸುಟ್ಟ ಬೊಬ್ಬೆಯೊಂದು ಆಗಲೇ ಇತ್ತು. “ಇದು ಯಾವಾಗ ಸುಟ್ಟಿತು ಅಕ್ಕಾ?” ಎಂದು ಕೇಳಿದಾಗ, “ಗೊತ್ತಾಗಲಿಲ್ಲ, ಚಳಿಗೆ ಕೈ ಜೋಮು ಹಿಡಿದಿರಬೇಕು” ಎಂದರು. ರವಿಕೆಯ ತೋಳನ್ನು ಸ್ವಲ್ಪ ಮೇಲೆ ಸರಿಸಿದಾಗ, ಮೊಣಕೈಗಿಂತ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಅಗಲದ, ತಾಮ್ರದ ಬಣ್ಣದ ಒಂದು ಮಚ್ಚೆ ಕಂಡಿತು. ಅದು ಎರಡು ವರ್ಷದಿಂದ ಅಲ್ಲಿತ್ತು. ತುರಿಕೆ ಇರಲಿಲ್ಲ, ನೋವಿರಲಿಲ್ಲ. ಆದ್ದರಿಂದ ಅದನ್ನು ಯಾರಿಗೂ ತೋರಿಸಿರಲಿಲ್ಲ.

ಕುಷ್ಠರೋಗದ ತೊಡಕೆಲ್ಲ ಇರುವುದು ಇಲ್ಲಿಯೇ. ಬೇರೆ ಕಾಯಿಲೆಗಳು ನೋವಿನಿಂದ ಮನುಷ್ಯನನ್ನು ಆಸ್ಪತ್ರೆಗೆ ಕಳುಹಿಸುತ್ತವೆ, ಇದು ನೋವನ್ನೇ ಕಸಿದುಕೊಂಡು ಮನೆಯಲ್ಲಿ ಕೂರಿಸುತ್ತದೆ. ರೋಗವಿರುವವರು ತಾವಾಗಿ ಬರುವುದು ಅಪರೂಪವಾದ್ದರಿಂದ ಮನೆಯವರು, ಜೊತೆಯಲ್ಲಿ ದುಡಿಯುವವರು, ಆಶಾ ಕಾರ್ಯಕರ್ತೆಯರು, ತೋಟದ ರೈಟರುಗಳು ಮತ್ತು ಶಾಲೆಯ ಶಿಕ್ಷಕರು ನೋಡುವುದನ್ನೂ ಮುಟ್ಟಿ ಪರೀಕ್ಷಿಸುವುದನ್ನೂ ಕಲಿತಿರಬೇಕಾಗುತ್ತದೆ. ಈ ಮಾರ್ಗದರ್ಶಿಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರೋಗವನ್ನು ಖಚಿತಪಡಿಸುವುದು ಮತ್ತು ಔಷಧ ಬರೆಯುವುದು ವೈದ್ಯರ ಕೆಲಸ. ಅನುಮಾನ ಪಡುವುದು ಮತ್ತು ವೈದ್ಯರವರೆಗೆ ಕರೆದೊಯ್ಯುವುದು ನಮ್ಮೆಲ್ಲರಿಂದ ಆಗುವ ಕೆಲಸ.

ರೋಗ ಯಾವುದರಿಂದ, ಹೇಗೆ ಬರುತ್ತದೆ

ಮೈಕೋಬ್ಯಾಕ್ಟೀರಿಯಮ್ ಲೆಪ್ರೇ ಎಂಬ ಸೂಕ್ಷ್ಮಾಣುವಿನಿಂದ ಕುಷ್ಠರೋಗ ಬರುತ್ತದೆ. ನಾರ್ವೆ ದೇಶದ ವೈದ್ಯ ಗೆರ್ಹಾರ್ಡ್ ಆರ್ಮೌಯರ್ ಹ್ಯಾನ್ಸೆನ್ ಅವರು 1873ರಲ್ಲಿ ಇದನ್ನು ಕಂಡುಹಿಡಿದರು. ಕ್ಷಯರೋಗದ ಸೂಕ್ಷ್ಮಾಣುವಿನ ಬಳಗಕ್ಕೆ ಸೇರಿದ ಇದು ಬಹಳ ನಿಧಾನವಾಗಿ ಬೆಳೆಯುತ್ತದೆ, ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಸೋಂಕು ತಗುಲಿದ ಮೇಲೆ ಮೊದಲ ಮಚ್ಚೆ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಹಿಡಿಯುತ್ತದೆ. ಆದುದರಿಂದ “ಯಾರಿಂದ ಬಂತು?” ಎಂದು ಹುಡುಕಲು ಹೊರಟರೆ ಉತ್ತರ ಸಿಗುವುದಿಲ್ಲ, ಬದಲಿಗೆ ಯಾರದೋ ಮೇಲೆ ಅಪವಾದ ಹೊರಿಸಿದಂತಾಗುತ್ತದೆ. ನಮ್ಮ ತೋಟಗಳಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ದುಡಿಯಲು ಬಂದವರ ಮೇಲೆ ಇಂಥ ಅಪವಾದ ಬೇಗ ಬೀಳುತ್ತದೆ ಎಂಬುದನ್ನು ಕಂಡು ಈ ಮಾತನ್ನು ಬರೆಯುತ್ತಿದ್ದೇನೆ. ಅವರನ್ನು ಪರೀಕ್ಷಿಸಬೇಕು ನಿಜ, ಆದರೆ ಊರಿನವರನ್ನು ಪರೀಕ್ಷಿಸುವಷ್ಟೇ ಮರ್ಯಾದೆಯಿಂದ.

ಚಿಕಿತ್ಸೆ ಪಡೆಯದ ರೋಗಿಯ ಮೂಗು ಮತ್ತು ಬಾಯಿಯಿಂದ ಹೊರಬೀಳುವ ಸಣ್ಣ ಹನಿಗಳ ಮೂಲಕ, ಬಹುಕಾಲ ಒಟ್ಟಿಗೆ ಬದುಕಿದವರಿಗೆ ಇದು ಹರಡುತ್ತದೆ. ಹಸ್ತಲಾಘವ ಮಾಡಿದರೆ, ಪಕ್ಕದಲ್ಲಿ ಕುಳಿತು ಉಂಡರೆ, ಒಂದೇ ಬಸ್ಸಿನಲ್ಲಿ ಪ್ರಯಾಣ ಮಾಡಿದರೆ ಬರುವ ರೋಗವಲ್ಲ. ನೂರರಲ್ಲಿ ಸುಮಾರು 95 ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಇದು ಅಪ್ಪ ಅಮ್ಮನಿಂದ ರಕ್ತದಲ್ಲಿ ಬರುವುದೂ ಅಲ್ಲ. ಚರ್ಮದ ಮೇಲೆ ಏನು ಕಂಡರೂ ಸರ್ಪದೋಷವೆಂದು ತಿಳಿದು ಹರಕೆ ಹೊರುವ ರೂಢಿ ನಮ್ಮಲ್ಲಿದೆ. ಯಾರ ನಂಬಿಕೆಯನ್ನೂ ನೋಯಿಸುವ ಉದ್ದೇಶ ನನಗಿಲ್ಲ. ಹರಕೆ ತೀರಿಸುವವರು ತೀರಿಸಲಿ, ಆದರೆ ಅದರ ನೆಪದಲ್ಲಿ ಮಾತ್ರೆಗೆ ಒಂದು ವಾರವೂ ತಡವಾಗಬಾರದು, ಏಕೆಂದರೆ ಆ ವಾರಗಳಲ್ಲಿ ಸಾಯುವ ನರ ಮತ್ತೆ ಹುಟ್ಟುವುದಿಲ್ಲ.

ಭಾರತದಲ್ಲಿ ಈ ರೋಗದ ಪ್ರಮಾಣ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕೆಳಗಿಳಿದದ್ದು 2005ರ ಡಿಸೆಂಬರ್‌ನಲ್ಲಿ. ಅಂದಿನಿಂದ “ಕುಷ್ಠ ಈಗೆಲ್ಲಿದೆ?” ಎಂದು ಕೇಳುವವರು ಹೆಚ್ಚಾದರು. ರೋಗ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಕಡಿಮೆಯಾದದ್ದರಿಂದ ಅದನ್ನು ನೋಡಿ ಗೊತ್ತಿರುವ ಕಣ್ಣುಗಳೂ ಕಡಿಮೆಯಾಗಿವೆ ಎಂಬುದು ನನ್ನ ಆತಂಕ.

ಮೊದಲ ಹಂತ: ಹಗಲಿನ ಬೆಳಕಿನಲ್ಲಿ ಮೈ ನೋಡುವುದು

ಲೈನ್‌ಮನೆಯ ಒಳಗಿನ ಬಲ್ಬಿನ ಬೆಳಕಿನಲ್ಲಿ ತಿಳಿಬಣ್ಣದ ಮಚ್ಚೆ ಕಾಣುವುದಿಲ್ಲ. ಹಗಲಿನ ಬೆಳಕು ಬೇಕು. ಮಳೆಗಾಲದ ಮೋಡದಲ್ಲಾದರೆ ಕಿಟಕಿಯ ಪಕ್ಕ ಅಥವಾ ಜಗುಲಿಯಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿಸಬೇಕು. ಹೆಂಗಸರನ್ನು ಹೆಂಗಸರೇ, ಮರೆಯಿರುವ ಕಡೆಯಲ್ಲಿ, ಅವರ ಒಪ್ಪಿಗೆ ಪಡೆದು ನೋಡಬೇಕು. ಮುಖ, ಕಿವಿಯ ಹಾಲೆ, ಕತ್ತು, ಬೆನ್ನು, ತೋಳು, ಪೃಷ್ಠ, ತೊಡೆ, ಕಾಲು ಹೀಗೆ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ನೋಡುತ್ತಾ ಹೋಗುವುದು ಒಳ್ಳೆಯದು. ಬೆನ್ನು ಮತ್ತು ಪೃಷ್ಠದ ಮಚ್ಚೆಗಳನ್ನು ಆ ವ್ಯಕ್ತಿ ತನ್ನ ಕಣ್ಣಿನಿಂದ ಕಾಣಲಾರ, ಹೆಚ್ಚಾಗಿ ತಪ್ಪಿಹೋಗುವುದೂ ಅವೇ.

ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲಿ “ತಿಳಿ ಬಿಳಿ ಅಥವಾ ತಾಮ್ರ ವರ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ” ಎಂದು ಬರೆದಿರುವುದನ್ನು ನೀವು ಓದಿರಬಹುದು. ಈ ವಾಕ್ಯದಲ್ಲಿ ಪ್ರತಿ ಪದಕ್ಕೂ ತೂಕವಿದೆ. ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತುಸು ತಿಳಿಯಾಗಿರುತ್ತದೆ, ಹಾಲಿನಂತೆ ಬೆಳ್ಳಗಿರುವುದಿಲ್ಲ. ಹಾಲಿನ ಬಿಳುಪಿನದು ತೊನ್ನು. ತೊನ್ನಿನಲ್ಲಿ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ, ಮತ್ತು ಅದಕ್ಕೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ಎದೆ, ಬೆನ್ನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹರಡಿ, ಉಗುರಿನಿಂದ ಕೆರೆದರೆ ಹಿಟ್ಟಿನಂತೆ ಉದುರುವುದು ಚಿಬ್ಬು. ಅಂಚಿನಲ್ಲಿ ಉಂಗುರದಂತೆ ಎದ್ದು, ಬೆವರಿದಾಗ ತಡೆಯಲಾಗದಷ್ಟು ತುರಿಸುವುದು ಗಜಕರ್ಣ. ನಾಲ್ಕು ತಿಂಗಳು ಒದ್ದೆ ಬಟ್ಟೆಯಲ್ಲೇ ಕೆಲಸ ಮಾಡುವ ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಕಾಯಿಲೆ. ಮಕ್ಕಳ ಕೆನ್ನೆಯ ಮೇಲಿನ ಮಸುಕಾದ, ಒರಟಾದ ಕಲೆಗಳಲ್ಲಿ ಹೆಚ್ಚಿನವು ಬೇರೆಯೇ ಆದ, ತಾವಾಗಿ ಮಾಯುವ ತೊಂದರೆ. ಹುಟ್ಟಿನಿಂದ ಇದ್ದ ಮಚ್ಚೆಯೂ ಕುಷ್ಠವಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ತುರಿಸುವುದಿಲ್ಲ, ಉರಿಯುವುದಿಲ್ಲ, ಗಜಕರ್ಣದ ಮುಲಾಮಿಗೆ ಬಗ್ಗುವುದೂ ಇಲ್ಲ. ಮಚ್ಚೆಯ ಮೇಲೆ ರೋಮ ಉದುರಿ, ಬೆವರು ನಿಂತು, ಚರ್ಮ ಒಣಗಿರಬಹುದು. ಹಣ್ಣು ಕೊಯ್ದು ಬಂದು ಮೈಯೆಲ್ಲ ಬೆವರಿರುವಾಗ ಆ ಒಂದು ಜಾಗ ಮಾತ್ರ ಒಣಗಿಕೊಂಡಿದ್ದರೆ ಅದನ್ನು ಗಮನಿಸಿ.

ಮಚ್ಚೆಯೇ ಎದ್ದು ಕಾಣದ ಇನ್ನೊಂದು ರೂಪವನ್ನೂ ತಿಳಿದಿರಬೇಕು. ಸೂಕ್ಷ್ಮಾಣುಗಳು ಮೈತುಂಬ ಹರಡಿದವರಲ್ಲಿ ಚರ್ಮ ಎಣ್ಣೆ ಸವರಿದಂತೆ ಹೊಳೆಯುತ್ತದೆ, ಕಿವಿಯ ಹಾಲೆ ದಪ್ಪವಾಗುತ್ತದೆ, ಮುಖದಲ್ಲಿ ಮತ್ತು ಮೈಯಲ್ಲಿ ಗಂಟುಗಳು ಏಳುತ್ತವೆ, ಹುಬ್ಬಿನ ಕೂದಲು ಹೊರತುದಿಯಿಂದ ಉದುರುತ್ತಾ ಬರುತ್ತದೆ, ಮೂಗು ತಿಂಗಳುಗಟ್ಟಲೆ ಕಟ್ಟಿಕೊಂಡಿರುತ್ತದೆ. ಇವರ ಚರ್ಮದಲ್ಲಿ ಆರಂಭದಲ್ಲಿ ಸ್ಪರ್ಶ ತಿಳಿಯುತ್ತಲೇ ಇರಬಹುದು. ಆದ್ದರಿಂದ “ಮುಟ್ಟಿದ್ದು ತಿಳಿಯುತ್ತದೆ, ಹಾಗಾಗಿ ಕುಷ್ಠವಲ್ಲ” ಎಂದು ಇಂಥವರನ್ನು ಮನೆಗೆ ಕಳುಹಿಸುವುದು ದೊಡ್ಡ ತಪ್ಪು. ರೋಗ ಹರಡುವ ಸಾಧ್ಯತೆ ಹೆಚ್ಚಿರುವುದು ಇವರಿಂದಲೇ.

ಎರಡನೆಯ ಹಂತ: ಪೆನ್ನಿನ ತುದಿಯ ಪರೀಕ್ಷೆ

ಇದಕ್ಕೆ ಬೇಕಾಗುವುದು ಒಂದು ಸಾಮಾನ್ಯ ಬಾಲ್‌ಪೆನ್ನು ಮತ್ತು ಐದು ನಿಮಿಷದ ತಾಳ್ಮೆ. ಪೆನ್ನಿಲ್ಲದಿದ್ದರೆ ಹತ್ತಿಯನ್ನು ಹೊಸೆದು ಬತ್ತಿಯಂತೆ ತುದಿ ಮಾಡಿಕೊಳ್ಳಬಹುದು. ಸೂಜಿ ಬೇಡ.

ಮೊದಲು ಕಣ್ಣು ತೆರೆದಿರುವಾಗಲೇ, ಮಚ್ಚೆಯಿಲ್ಲದ ಒಳ್ಳೆಯ ಚರ್ಮದ ಮೇಲೆ ಪೆನ್ನಿನ ತುದಿಯನ್ನು ಹಗುರವಾಗಿ ತಾಗಿಸಿ, ತಾಗಿದ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಲು ಹೇಳಿ. ಎರಡು ಮೂರು ಸಲ ಹೀಗೆ ಮಾಡಿ, ಏನು ಮಾಡಬೇಕೆಂಬುದು ಅವರಿಗೆ ತಿಳಿದಿದೆ ಎಂದು ಖಾತ್ರಿಯಾದ ಮೇಲೆ ಕಣ್ಣು ಮುಚ್ಚಿಸಿ. ಈಗ ಒಮ್ಮೆ ಒಳ್ಳೆಯ ಚರ್ಮ, ಒಮ್ಮೆ ಮಚ್ಚೆಯ ನಡುಭಾಗ, ಮತ್ತೆ ಒಳ್ಳೆಯ ಚರ್ಮ ಎಂದು ಕ್ರಮ ತಪ್ಪಿಸಿ, ನಡುವಿನ ಅಂತರವನ್ನೂ ಬದಲಿಸುತ್ತಾ ತಾಗಿಸಿ. ಚರ್ಮ ತಗ್ಗಾಗುವಷ್ಟು ಒತ್ತಬಾರದು, ಗೀರಲೂಬಾರದು. ಎಳೆದರೆ ಪಕ್ಕದ ಒಳ್ಳೆಯ ಚರ್ಮಕ್ಕೆ ಅದು ತಿಳಿದುಬಿಡುತ್ತದೆ. “ಗೊತ್ತಾಯಿತಾ, ಗೊತ್ತಾಯಿತಾ?” ಎಂದು ಕೇಳುತ್ತಾ ಹೋಗುವುದು ನಾನು ಪದೇ ಪದೇ ಕಂಡ ತಪ್ಪು. ಕೇಳಿದ ಪ್ರತಿ ಸಲವೂ ಮನುಷ್ಯ ಸಂಕೋಚಕ್ಕೆ “ಹೂಂ” ಎನ್ನುತ್ತಾನೆ. ಮಾತನಾಡದೆ ತಾಗಿಸಬೇಕು, ಅವರು ಬೆರಳಿನಿಂದ ತೋರಿಸಬೇಕು.

ಒಳ್ಳೆಯ ಚರ್ಮದ ಮೇಲೆ ಪ್ರತಿ ಸಲ ಸರಿಯಾಗಿ ತೋರಿಸಿ, ಮಚ್ಚೆಯ ಮೇಲೆ ತಾಗಿಸಿದಾಗ ಸುಮ್ಮನೆ ಕುಳಿತಿದ್ದರೆ ಅಥವಾ ಬೇರೆಲ್ಲೋ ದೂರದ ಜಾಗವನ್ನು ತೋರಿಸಿದರೆ, ಆ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಗ್ಗಿದೆ ಎಂದು ತಿಳಿಯಬೇಕು. ಅಮ್ಮತ್ತಿ ಕಡೆಯ ಆ ಅಕ್ಕ ಭುಜವನ್ನು, ಅಂಗೈಯನ್ನು, ಮುಂಗೈಯನ್ನು ಕಣ್ಣು ಮುಚ್ಚಿಯೇ ಚಕಚಕನೆ ತೋರಿಸಿದರು. ಮಚ್ಚೆಯ ಮೇಲೆ ನಾಲ್ಕು ಸಲ ಪೆನ್ನು ತಾಗಿಸಿದೆವು. ಅವರ ಬೆರಳು ಮೇಲೇಳಲಿಲ್ಲ. “ಯಾಕೆ ನಿಲ್ಲಿಸಿಬಿಟ್ಟಿರಿ?” ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದರು.

ಕೊಡಗಿನಂಥ ಜಿಲ್ಲೆಗೆ ಈ ಪರೀಕ್ಷೆ ಹೇಳಿ ಮಾಡಿಸಿದಂತಿದೆ. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವರ ಮಾತು, ಅಸ್ಸಾಮಿ, ಬಂಗಾಳಿಗಳು ಕೇಳಿಸುವಾಗ “ಸ್ಪರ್ಶಜ್ಞಾನ” ಎಂಬುದನ್ನು ಯಾವ ಭಾಷೆಯಲ್ಲಿ ವಿವರಿಸುವುದು? ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಭಾಷೆ ಬೇಕಿಲ್ಲ. ಮುಖದ ಮಚ್ಚೆಗಳಲ್ಲಿ ಮಾತ್ರ ಈ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು, ಅಲ್ಲಿ ನರಗಳು ದಟ್ಟವಾಗಿರುವುದರಿಂದ ಸ್ಪರ್ಶ ಉಳಿದಿರಬಹುದು. ಪುಟ್ಟ ಮಕ್ಕಳಲ್ಲಿಯೂ ಫಲಿತಾಂಶ ಸ್ಪಷ್ಟವಾಗುವುದಿಲ್ಲ; ಅವರನ್ನು ನೇರವಾಗಿ ವೈದ್ಯರಿಗೆ ತೋರಿಸುವುದೇ ಸರಿ.

ಮೂರನೆಯ ಹಂತ: ಕೈ, ಕಾಲು ಮತ್ತು ಕಣ್ಣಿನ ನರಗಳು

ಈ ಸೂಕ್ಷ್ಮಾಣು ದೇಹದ ತಂಪಾದ ಭಾಗಗಳನ್ನು ಅರಸುತ್ತದೆ. ಚರ್ಮಕ್ಕೆ ಹತ್ತಿರವಾಗಿ ಹಾಯುವ ನರಗಳು ಅದಕ್ಕೆ ಸುಲಭದ ತುತ್ತು. ಮೊಣಕೈಯ ಒಳಬದಿಯ ಎಲುಬಿನ ಹಿಂದೆ, ತಾಗಿದರೆ ಕಿರುಬೆರಳಿನವರೆಗೆ ಜುಮ್ಮೆನ್ನುವ ನರವೊಂದಿದೆ. ಅದು ಹೆಚ್ಚಾಗಿ ಪೆಟ್ಟು ತಿನ್ನುವ ನರ. ದಪ್ಪವಾದರೆ ಹುರಿಯಂತೆ ಬೆರಳಿಗೆ ಸಿಗುತ್ತದೆ, ಒತ್ತಿದರೆ ನೋಯುತ್ತದೆ. ಕಿರುಬೆರಳು, ಉಂಗುರ ಬೆರಳುಗಳು ಮರಗಟ್ಟುತ್ತವೆ, ಕ್ರಮೇಣ ಮಡಚಿಕೊಳ್ಳುತ್ತವೆ. ಮೊಣಕಾಲಿನ ಹೊರಬದಿಯ ನರ ಕೆಟ್ಟರೆ ಪಾದ ಮೇಲೆತ್ತಲಾಗದೆ, ನಡೆಯುವಾಗ ಹೆಬ್ಬೆರಳು ನೆಲಕ್ಕೆ ತಾಗುತ್ತದೆ. ಕಾಲಿನ ಒಳ ಹರಡಿನ ಹಿಂದಿನ ನರ ಕೆಟ್ಟರೆ ಅಂಗಾಲು ಮರಗಟ್ಟುತ್ತದೆ, ಚಪ್ಪಲಿ ಜಾರಿ ಬಿದ್ದುಹೋದದ್ದೂ ತಿಳಿಯುವುದಿಲ್ಲ.

ಮನೆಯಲ್ಲಿಯೇ ಪರೀಕ್ಷಿಸಿ ನೋಡಲು ನಾಲ್ಕು ಕೆಲಸ ಮಾಡಿಸಿ. ಅಂಗೈ ಮೇಲೆ ಮಾಡಿ, ಕಿರುಬೆರಳನ್ನು ಉಳಿದ ಬೆರಳುಗಳಿಂದ ದೂರ ಸರಿಸಿ, ನೀವು ಒತ್ತಿದರೂ ಹಾಗೆಯೇ ಹಿಡಿದಿಡಲು ಹೇಳಿ. ಹೆಬ್ಬೆರಳನ್ನು ಆಕಾಶಕ್ಕೆ ನೆಟ್ಟಗೆ ನಿಲ್ಲಿಸಲು ಹೇಳಿ. ಹಿಮ್ಮಡಿ ಊರಿಕೊಂಡು ಪಾದವನ್ನು ಮೇಲೆತ್ತಲು ಹೇಳಿ. ಕೊನೆಗೆ ನಿದ್ರೆಯಲ್ಲಿರುವಂತೆ ಕಣ್ಣು ಮುಚ್ಚಿಸಿ ರೆಪ್ಪೆಗಳ ನಡುವೆ ಬಿಳಿಗುಡ್ಡೆ ಕಾಣುತ್ತದೆಯೇ ನೋಡಿ. ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸ ಕಂಡರೆ, ಮಚ್ಚೆ ಇರಲಿ ಇಲ್ಲದಿರಲಿ, ಆ ವಾರದಲ್ಲೇ ವೈದ್ಯರಲ್ಲಿಗೆ ಹೋಗಬೇಕು. ಮರಗಟ್ಟುವ ಪಾದಗಳೆಲ್ಲ ಕುಷ್ಠವಲ್ಲ. ಸಕ್ಕರೆ ಕಾಯಿಲೆಯಿಂದಲೂ, ಬಹುಕಾಲದ ಕುಡಿತದಿಂದಲೂ ಹೀಗಾಗುತ್ತದೆ. ಯಾವುದೆಂದು ವೈದ್ಯರು ಬೇರ್ಪಡಿಸುತ್ತಾರೆ. ಕೊಡಗಿನ ಚಳಿಯ ಮೇಲೆ ಹೊರೆ ಹಾಕಿ ಸುಮ್ಮನಾಗಬಾರದು ಎಂಬುದಷ್ಟೇ ನನ್ನ ಕೋರಿಕೆ. ಚಳಿಯ ಜೋಮು ಎರಡೂ ಕೈಗೆ ಸಮನಾಗಿ ಹಿಡಿಯುತ್ತದೆ ಮತ್ತು ಬಿಸಿಲೇರಿದ ಮೇಲೆ ಬಿಡುತ್ತದೆ.

ನಾಲ್ಕನೆಯ ಹಂತ: ಆಸ್ಪತ್ರೆಯಲ್ಲಿ ನಡೆಯುವುದು

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯೂ ಔಷಧವೂ ಪೂರ್ತಿ ಉಚಿತ. ಅಲ್ಲಿಂದ ಅಗತ್ಯವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಡಿಕೇರಿಯ ಜಿಲ್ಲಾ ಮಟ್ಟದ ಬೋಧಕ ಆಸ್ಪತ್ರೆಗೆ ಕಳುಹಿಸುತ್ತಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೂಲಿ ತಪ್ಪುತ್ತದೆಂದು ಹಿಂಜರಿಯುವವರು ಬಹಳ ಮಂದಿ. ತೋಟದ ಮಾಲೀಕರು ಆ ಒಂದು ದಿನದ ಕೂಲಿಯನ್ನು ಹಿಡಿಯದೆ ಬಿಟ್ಟರೆ ಎಷ್ಟೋ ಕೈಗಳು ಉಳಿಯುತ್ತವೆ.

ವೈದ್ಯರು ಮೂರು ಪ್ರಧಾನ ಚಿಹ್ನೆಗಳನ್ನು ಹುಡುಕುತ್ತಾರೆ: ಸ್ಪರ್ಶಜ್ಞಾನ ಖಚಿತವಾಗಿ ಕುಗ್ಗಿದ ಮಚ್ಚೆ, ದಪ್ಪವಾದ ನರ ಮತ್ತು ಅದು ಹಾಯುವ ಭಾಗದಲ್ಲಿ ಮರಗಟ್ಟುವಿಕೆ ಅಥವಾ ನಿಶ್ಶಕ್ತಿ, ಕಿವಿಯ ಹಾಲೆ ಅಥವಾ ಮಚ್ಚೆಯಿಂದ ತೆಗೆದ ತುಸು ದ್ರವದಲ್ಲಿ ಸೂಕ್ಷ್ಮದರ್ಶಕದಡಿ ಕಾಣುವ ಸೂಕ್ಷ್ಮಾಣು. ಇವುಗಳಲ್ಲಿ ಒಂದಿದ್ದರೂ ರೋಗ ಖಚಿತ. ಹೆಚ್ಚಿನವರಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಯಾವುದೂ ರೋಗ ನಿರ್ಣಯಕ್ಕೆ ಬೇಕಾಗುವುದಿಲ್ಲ. ಮಚ್ಚೆಗಳು ಒಂದರಿಂದ ಐದರವರೆಗಿದ್ದು, ನರ ಕೆಟ್ಟಿಲ್ಲದಿದ್ದರೆ ಅಥವಾ ಒಂದೇ ನರ ಕೆಟ್ಟಿದ್ದರೆ ಅದನ್ನು ಪಿ.ಬಿ. (ಸೂಕ್ಷ್ಮಾಣು ಕಡಿಮೆಯಿರುವ) ವಿಧವೆಂದೂ, ಆರು ಅಥವಾ ಹೆಚ್ಚು ಮಚ್ಚೆಗಳಿದ್ದರೆ, ಒಂದಕ್ಕಿಂತ ಹೆಚ್ಚು ನರಗಳು ಕೆಟ್ಟಿದ್ದರೆ ಅಥವಾ ಸೂಕ್ಷ್ಮಾಣು ಕಂಡರೆ ಎಂ.ಬಿ. (ಸೂಕ್ಷ್ಮಾಣು ಹೆಚ್ಚಿರುವ) ವಿಧವೆಂದೂ ವಿಂಗಡಿಸುತ್ತಾರೆ. ಚಿಕಿತ್ಸೆಯ ಅವಧಿ ಇದರ ಮೇಲೆ ನಿಂತಿದೆ: ಪಿ.ಬಿ.ಗೆ 6 ತಿಂಗಳು, ಎಂ.ಬಿ.ಗೆ 12 ತಿಂಗಳು.

ಐದನೆಯ ಹಂತ: ಮಾತ್ರೆಯ ಪಟ್ಟಿಯನ್ನು ಮುಗಿಸುವುದು

ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆ ಇಂದಿಗೂ ಈ ರೋಗದ ಮದ್ದು. ಎಂ.ಡಿ.ಟಿ. ಎಂದೇ ಇದನ್ನು ಆರೋಗ್ಯ ಕೇಂದ್ರಗಳಲ್ಲಿ ಕರೆಯುತ್ತಾರೆ. ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್ ಎಂಬ ಮೂರು ಔಷಧಗಳು ಇದರಲ್ಲಿವೆ. ಹಿಂದೆ ಪಿ.ಬಿ. ವಿಧಕ್ಕೆ ಎರಡೇ ಔಷಧ ಕೊಡುತ್ತಿದ್ದರು; 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಎರಡೂ ವಿಧಕ್ಕೆ ಮೂರು ಔಷಧಗಳ ಕ್ರಮ ಬಂದಿದೆ.

ಒಂದು ಪಟ್ಟಿ 28 ದಿನಕ್ಕೆ. ವಯಸ್ಕರ ಪಟ್ಟಿಯಲ್ಲಿ ಮೊದಲ ದಿನದ ಡೋಸು ದೊಡ್ಡದು: ರಿಫಾಂಪಿಸಿನ್ 600 ಮಿಲಿಗ್ರಾಂ, ಕ್ಲೋಫಾಜಿಮಿನ್ 300 ಮಿಲಿಗ್ರಾಂ, ಡ್ಯಾಪ್ಸೋನ್ 100 ಮಿಲಿಗ್ರಾಂ. ಇದನ್ನು ಆರೋಗ್ಯ ಕಾರ್ಯಕರ್ತರ ಎದುರಿನಲ್ಲೇ ನುಂಗಬೇಕು. ಉಳಿದ 27 ದಿನ ಮನೆಯಲ್ಲಿ, ದಿನಕ್ಕೊಮ್ಮೆ ಕ್ಲೋಫಾಜಿಮಿನ್ 50 ಮಿಲಿಗ್ರಾಂ ಮತ್ತು ಡ್ಯಾಪ್ಸೋನ್ 100 ಮಿಲಿಗ್ರಾಂ. ಮಕ್ಕಳ ಪಟ್ಟಿ ಬೇರೆಯೇ ಇದೆ, ದೊಡ್ಡವರದನ್ನು ಮುರಿದು ಕೊಡಬಾರದು. ಪಿ.ಬಿ.ಯ 6 ಪಟ್ಟಿಗಳು 9 ತಿಂಗಳೊಳಗೆ, ಎಂ.ಬಿ.ಯ 12 ಪಟ್ಟಿಗಳು 18 ತಿಂಗಳೊಳಗೆ ಮುಗಿಯಲೇಬೇಕು. ಮೊದಲ ದಿನದ ರಿಫಾಂಪಿಸಿನ್ ಒಂದೇ ಬಹುಪಾಲು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭವಾದವರನ್ನು ಬೇರೆ ತಟ್ಟೆ, ಬೇರೆ ಚಾಪೆ ಎಂದು ದೂರವಿಡುವುದಕ್ಕೆ ಯಾವ ಕಾರಣವೂ ಇಲ್ಲ.

ಮಾತ್ರೆಯ ಪರಿಣಾಮಗಳನ್ನು ಮುಂಚೆಯೇ ತಿಳಿಸದಿದ್ದರೆ ಜನ ಹೆದರಿ ಬಿಟ್ಟುಬಿಡುತ್ತಾರೆ. ತಿಂಗಳ ಡೋಸಿನ ದಿನ ಮೂತ್ರ ಕೆಂಪಾಗುತ್ತದೆ. ಅದು ರಕ್ತವಲ್ಲ, ರಿಫಾಂಪಿಸಿನ್‌ನ ಬಣ್ಣ. ಕ್ಲೋಫಾಜಿಮಿನ್‌ನಿಂದ ಚರ್ಮ, ಅದರಲ್ಲೂ ಮಚ್ಚೆಯ ಜಾಗ, ಕಂದಾಗಿ ಒಣಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಅದು ತಿಳಿಯಾಗುತ್ತದೆ, ಅಲ್ಲಿಯವರೆಗೆ ಕೊಬ್ಬರಿ ಎಣ್ಣೆ ಹಚ್ಚಬಹುದು. ಡ್ಯಾಪ್ಸೋನ್‌ನಿಂದ ಕೆಲವರಿಗೆ ರಕ್ತಹೀನತೆಯಾಗುತ್ತದೆ. ಅಪರೂಪಕ್ಕೆ, ಹೆಚ್ಚಾಗಿ ಮೊದಲ ಆರೆಂಟು ವಾರಗಳಲ್ಲಿ, ಜ್ವರ ಬಂದು ಮೈಯೆಲ್ಲ ದದ್ದು ಎದ್ದು ತುರಿಸಿ ಚರ್ಮ ಸುಲಿಯಲಾರಂಭಿಸಿದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರೂ ಬಾಣಂತಿಯರೂ ಈ ಚಿಕಿತ್ಸೆ ಮುಂದುವರಿಸಬಹುದು. ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ರಿಫಾಂಪಿಸಿನ್ ಅದರಲ್ಲಿಯೂ ಇರುತ್ತದೆ.

ಕೊಯ್ಲು ಮುಗಿದೊಡನೆ ಊರಿಗೆ ಹೊರಡುವವರಿಗೆ, ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಒಂದು ಮಾತು: ಹೊರಡುವ ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಚಿಕಿತ್ಸೆಯ ಕಾರ್ಡು ಮತ್ತು ಮುಂದಿನ ಪಟ್ಟಿಗಳನ್ನು ಕೊಟ್ಟು, ಹೋಗುವ ಊರಿನ ಆಸ್ಪತ್ರೆಯಲ್ಲಿ ಮುಂದುವರಿಸುವ ಏರ್ಪಾಡು ಮಾಡುತ್ತಾರೆ. ದೇಶದ ಎಲ್ಲ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಸಿಗುವುದು ಇದೇ ಔಷಧ.

ಆರನೆಯ ಹಂತ: ‘ರಿಯಾಕ್ಷನ್’ ಬಂದಾಗ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಕುಷ್ಠದಲ್ಲಿ ಕೈಕಾಲು ಕೆಡುವುದು ಬಹುಮಟ್ಟಿಗೆ ಈ ಹೊತ್ತಿನಲ್ಲಿಯೇ. ಚಿಕಿತ್ಸೆಗೆ ಮುಂಚೆ, ಚಿಕಿತ್ಸೆಯ ನಡುವೆ ಅಥವಾ ಮಾತ್ರೆ ಮುಗಿದ ಮೇಲೂ, ಸೂಕ್ಷ್ಮಾಣುಗಳ ವಿರುದ್ಧ ದೇಹ ಹಠಾತ್ತನೆ ಕೆರಳಬಹುದು. ಇದನ್ನೇ ರಿಯಾಕ್ಷನ್ ಎನ್ನುತ್ತಾರೆ. ಒಂದು ಬಗೆಯಲ್ಲಿ ಹಳೆಯ ಮಚ್ಚೆಗಳು ಕೆಂಪಾಗಿ ಊದಿಕೊಳ್ಳುತ್ತವೆ, ನರ ನೋಯುತ್ತದೆ, ಕೆಲವೇ ದಿನಗಳಲ್ಲಿ ಬೆರಳು ಅಥವಾ ಪಾದದ ಶಕ್ತಿ ಕುಂದುತ್ತದೆ. ಇನ್ನೊಂದು ಬಗೆ ಸೂಕ್ಷ್ಮಾಣು ಹೆಚ್ಚಿರುವ ಎಂ.ಬಿ. ರೋಗಿಗಳಿಗೆ ಬರುವಂಥದ್ದು: ಜ್ವರ, ಕೀಲುನೋವು, ಮುಟ್ಟಿದರೆ ನೋಯುವ ಕೆಂಪು ಗಂಟುಗಳು, ಕಣ್ಣು ಕೆಂಪಾಗುವುದು.

“ಮಾತ್ರೆ ತಿಂದೇ ರೋಗ ಉಲ್ಬಣಿಸಿತು” ಎಂದು ಜನ ಭಾವಿಸುವುದು ಸಹಜ. ಮೂರನೇ ಪಟ್ಟಿಯ ಹೊತ್ತಿಗೆ ಮಚ್ಚೆ ಊದಿಕೊಂಡಿತೆಂದು ಹೆದರಿ ಎಲ್ಲವನ್ನೂ ಬಿಟ್ಟು ನಾಟಿಮದ್ದಿಗೆ ಹೋದ ಒಬ್ಬ ಯುವಕನನ್ನು ನಾನು ಬಲ್ಲೆ. ಅವನು ಮರಳಿ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು, ಬಲಗೈಯ ಎರಡು ಬೆರಳುಗಳು ಮಡಚಿಕೊಂಡಿದ್ದವು. ಕಪಾತಿನ ಕತ್ತಿಯನ್ನು ಬಿಗಿಯಾಗಿ ಹಿಡಿಯಲು ಅವನಿಂದ ಈಗಲೂ ಆಗುವುದಿಲ್ಲ. ರಿಯಾಕ್ಷನ್ ಬಂದಾಗ ಎಂ.ಡಿ.ಟಿ. ನಿಲ್ಲಿಸಬಾರದು, ಅದರ ಜೊತೆಗೆ ವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಔಷಧ ಕೊಟ್ಟು, ವಾರಗಳ ಕಾಲ ಅದರ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾ ಬರುತ್ತಾರೆ. ಈ ಔಷಧವನ್ನು ಅಂಗಡಿಯಲ್ಲಿ ತಾವಾಗಿ ಕೊಂಡು ತಿನ್ನುವುದೂ, ನೋವು ಹೋಯಿತೆಂದು ಒಮ್ಮೆಲೇ ಬಿಡುವುದೂ ಅಪಾಯ. ನರದ ತೊಂದರೆ ಆರಂಭವಾಗಿ ಆರು ತಿಂಗಳೊಳಗೆ ಬಂದರೆ ಕಳೆದುಕೊಂಡ ಶಕ್ತಿ ಮರಳುವ ಸಾಧ್ಯತೆ ಚೆನ್ನಾಗಿದೆ. ಅದಕ್ಕಿಂತ ತಡವಾದರೆ ಉಳಿಯುವುದು ವ್ಯಾಯಾಮ ಮತ್ತು ಶಸ್ತ್ರಚಿಕಿತ್ಸೆಯ ದಾರಿ. ಮಡಚಿದ ಬೆರಳನ್ನೂ ಜೋತ ಪಾದವನ್ನೂ ಸರಿಪಡಿಸುವ ಶಸ್ತ್ರಚಿಕಿತ್ಸೆಗಳಿವೆ.

ಏಳನೆಯ ಹಂತ: ಮರಗಟ್ಟಿದ ಕೈಕಾಲನ್ನು ತೋಟದಲ್ಲಿ ಕಾಯುವುದು

ಮಾತ್ರೆ ಸೂಕ್ಷ್ಮಾಣುವನ್ನು ಕೊಲ್ಲುತ್ತದೆ, ಸತ್ತ ನರವನ್ನು ಬದುಕಿಸುವುದಿಲ್ಲ. ಬೆರಳುಗಳು ಕುಷ್ಠದಿಂದ ತಾವಾಗಿ “ಉದುರುವುದಿಲ್ಲ”. ನೋವು ತಿಳಿಯದ ಕೈಕಾಲಿಗೆ ಸುಟ್ಟು, ಕೊಯ್ದು, ಕೊಳೆತು, ಮತ್ತೆ ಮತ್ತೆ ಗಾಯವಾಗಿ ಅವು ಸವೆಯುತ್ತವೆ. ಹಾಗಾಗಿ ನೋವು ಮಾಡಬೇಕಾಗಿದ್ದ ಕಾವಲನ್ನು ಇನ್ನು ಕಣ್ಣು ಮಾಡಬೇಕು.

ಕೊಡಗಿನಲ್ಲಿ ಮೊದಲ ಶತ್ರು ಒಲೆ. ಮಳೆಯಲ್ಲಿ ನೆನೆದು ಬಂದು ಒಲೆಯ ಮುಂದೆ ಕಾಲು ಚಾಚಿ ಕಾಯಿಸಿಕೊಳ್ಳುವುದನ್ನು ಅಂಗಾಲು ಮರಗಟ್ಟಿದವರು ಬಿಡಲೇಬೇಕು. ಪಾತ್ರೆಯನ್ನು ಇಕ್ಕಳದಿಂದ ಅಥವಾ ದಪ್ಪ ಬಟ್ಟೆಯಿಂದ ಹಿಡಿಯಬೇಕು, ಬಿಸಿನೀರನ್ನು ಮರಗಟ್ಟದ ಮೊಣಕೈಯಿಂದ ಮುಟ್ಟಿ ನೋಡಬೇಕು. ಬೀಡಿ ಸೇದುವವರ ಬೆರಳ ಸಂದಿ ಸುಡುವುದು ಬಹಳ ಸಾಮಾನ್ಯ. ಕತ್ತಿಯ ಹಿಡಿಗೆ ಬಟ್ಟೆ ಸುತ್ತಿದರೆ ಅಂಗೈಗೆ ಒತ್ತಡ ಕಡಿಮೆಯಾಗುತ್ತದೆ. ಕಪಾತು ಮಾಡಿದ ಗಿಡಗಳ ಚೂಪು ಕೊರಡುಗಳ ನಡುವೆ ಬರಿಗಾಲಲ್ಲಿ ನಡೆಯಬಾರದು. ಗಂಬೂಟು ಹಾಕುವ ಮುನ್ನ ಅದನ್ನು ಬೋರಲು ಹಾಕಿ ಕೊಡವಿ, ಒಳಗೆ ಕೈಯಾಡಿಸಿ, ಆದರೆ ಮರಗಟ್ಟಿದ ಕೈಯನ್ನಲ್ಲ.

ಸಂಜೆ ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲಿ ಪಾದ ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅಂಗಾಲನ್ನು ಬೆಳಕಿಗೆ ಹಿಡಿದು ನೋಡಬೇಕು. ಕೆಂಪು ಕಲೆ, ಬೊಬ್ಬೆ, ಮುಳ್ಳು, ಬಿಸಿಯೇರಿದ ಜಾಗ ಕಂಡರೆ ಆ ಕಾಲಿಗೆ ವಿಶ್ರಾಂತಿ ಬೇಕು. ಬೇಸಿಗೆಯಲ್ಲಿ ಅಂಗಾಲು ಬಿರಿಯುವಾಗ ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಗಟ್ಟಿ ಚರ್ಮವನ್ನು ಮೆಲ್ಲಗೆ ಉಜ್ಜಿ, ತೇವವಿರುವಾಗಲೇ ಎಣ್ಣೆ ಸವರಿದರೆ ತೇವ ಒಳಗೆ ನಿಲ್ಲುತ್ತದೆ. ಗಾಯವಾದರೆ ಸೋಪುನೀರಿನಿಂದ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಭಾರ ಹಾಕದೆ ಇರಬೇಕು; ಕಾಲು ಊರದಿದ್ದರೆ ಆ ಗಾಯ ಎಲ್ಲರ ಗಾಯದಂತೆಯೇ ಮಾಯುತ್ತದೆ. ಮೆತ್ತನೆಯ ರಬ್ಬರ್ ಅಟ್ಟೆಯ, ಎಂ.ಸಿ.ಆರ್. ಎಂದು ಕರೆಯುವ ಚಪ್ಪಲಿಗಳನ್ನು ಇಲಾಖೆಯಿಂದ ಉಚಿತವಾಗಿ ಕೊಡುತ್ತಾರೆ, ಕೇಳಿ ಪಡೆಯಿರಿ. ಕಣ್ಣು ಪೂರ್ತಿ ಮುಚ್ಚದವರು ಕಣದ ದೂಳಿನಲ್ಲಿ ಕನ್ನಡಕ ಹಾಕಬೇಕು, ನೆನಪಿಟ್ಟು ರೆಪ್ಪೆ ಬಡಿಯಬೇಕು, ರಾತ್ರಿ ತೆಳು ಬಟ್ಟೆಯಿಂದ ಕಣ್ಣು ಮುಚ್ಚಿಕೊಂಡು ಮಲಗಬೇಕು.

ಎಂಟನೆಯ ಹಂತ: ಮನೆಯವರೆಲ್ಲರ ತಪಾಸಣೆ

ಒಬ್ಬರಲ್ಲಿ ರೋಗ ಖಚಿತವಾದರೆ ಆ ಮನೆಯವರನ್ನೂ ಅಕ್ಕಪಕ್ಕದವರನ್ನೂ ನೋಡಬೇಕು. ಗೋಡೆಗೆ ಗೋಡೆ ಅಂಟಿಕೊಂಡಿರುವ ಲೈನ್‌ಮನೆಗಳಲ್ಲಿ ಹಾಗೂ ಹಾಡಿಗಳಲ್ಲಿ ಇದು ಇನ್ನೂ ಅಗತ್ಯ. ಹೆಸರು ಬಯಲಾಗದಂತೆ, ಎಲ್ಲರ ಚರ್ಮ ತಪಾಸಣೆ ಎಂದೇ ಮಾಡುವುದು ಲೇಸು. ರೋಗಲಕ್ಷಣವಿಲ್ಲದ ಎರಡು ವರ್ಷ ಮೇಲ್ಪಟ್ಟವರಿಗೆ ಮುಂಜಾಗ್ರತೆಯಾಗಿ ರಿಫಾಂಪಿಸಿನ್‌ನ ಒಂದೇ ಡೋಸು ಕೊಡುತ್ತಾರೆ. ಅದು ಮುಂದಿನ ಒಂದೆರಡು ವರ್ಷಗಳಲ್ಲಿ ರೋಗ ಬರುವ ಸಾಧ್ಯತೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಗರ್ಭಿಣಿಯರಿಗೆ, ಕ್ಷಯದ ಅನುಮಾನವಿರುವವರಿಗೆ ಇದನ್ನು ಕೊಡುವುದಿಲ್ಲ.

ಕೆಲಸದಿಂದ ತೆಗೆಯುವುದು, ಮಗುವನ್ನು ಶಾಲೆ ಬಿಡಿಸುವುದು, ಹೆಂಡತಿಯನ್ನು ತವರಿಗೆ ಕಳುಹಿಸುವುದು ಇವೆಲ್ಲ ಇನ್ನೂ ನಡೆಯುತ್ತವೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಹೇಳುತ್ತಿದ್ದ ಕಲಮುಗಳನ್ನು 2019ರ ವೈಯಕ್ತಿಕ ಕಾನೂನುಗಳ ತಿದ್ದುಪಡಿ ತೆಗೆದುಹಾಕಿದೆ. ಅಂಗವೈಕಲ್ಯ ಉಳಿದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಪಡೆಯುವ ಹಕ್ಕಿದೆ.

ಮನೆಯವರ ತಪಾಸಣೆ ಒಂದು ಸಲಕ್ಕೆ ಮುಗಿಯುವುದಿಲ್ಲ, ಐದು ವರ್ಷ ವರ್ಷಕ್ಕೊಮ್ಮೆ ನಡೆಯಬೇಕು. ಪ್ರತಿ ಜನವರಿ 30ರಿಂದ ಎರಡು ವಾರ ‘ಸ್ಪರ್ಶ್’ ಜಾಗೃತಿ ಆಂದೋಲನ ನಡೆಯುವುದರಿಂದ ಆ ದಿನಗಳನ್ನೇ ಗುರುತಿಟ್ಟುಕೊಳ್ಳಬಹುದು. ಆ ಅಕ್ಕನ 6 ತಿಂಗಳ ಚಿಕಿತ್ಸೆ ಮುಗಿದಿದೆ. ಕಿರುಬೆರಳಿಗೆ ಶಕ್ತಿ ಮರಳಿದೆ, ಅದರ ಹೊರಬದಿ ಮಾತ್ರ ಇನ್ನೂ ಮರಗಟ್ಟಿಯೇ ಇದೆ, ಒಲೆಯ ಪಕ್ಕ ಈಗ ಒಂದು ಇಕ್ಕಳ ನೇತಾಡುತ್ತಿದೆ. ಕಳೆದ ಸಲ ಹೋದಾಗ ಅವರೇ ಮಗಳನ್ನು ಜಗುಲಿಯ ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಿ, ಪೆನ್ನು ಕೇಳಿ ಪಡೆದು, “ಕಣ್ಣು ಮುಚ್ಚು, ಎಲ್ಲಿ ಮುಟ್ಟಿದೆ ತೋರಿಸು” ಎಂದರು.